ಬ್ಯಾಟರಿಯ ಉಪವಾಸ

ಮೌನೇಶ ಬಡಿಗೇರ ತನ್ನ ಉಪಕರಣ ಹೊರಲು ಕರೆಂಟಿನ ಸೈಕಲ್ಲೊಂದನ್ನು ಕೈಯಾರೆ ಕಟ್ಟಿದ್ದ. ಮುಂದೆ ಸಾಗವಾನಿ ಪೆಟ್ಟಿಗೆ, ಗರಗಸಕ್ಕೊಂದು ಖಾನೆ, ಉಳಿಗಳಿಗೊಂದು ಖಾನೆ. ಸೀಟಿನ ಕೆಳಗಿನ ಬ್ಯಾಟರಿಯನ್ನು ಕಂಡರೆ ಮಾತ್ರ ಅವನಿಗೆ ವಾಕರಿಕೆ. ಎಲ್ಲರ ಗಾಡಿಯಲ್ಲಿರುವಂತೆ ಅದೂ ಜೊಲ್ಲು ಸುರಿಸುವ ಜೀವಂತ ಮಾಂಸದ ಮುದ್ದೆ. ದಿನಾ ಒಂದು ಬಟ್ಟಲು ಮೀನಿನ ಕರುಳು ತಿಂದು ಕರೆಂಟು ಕೊಡುತ್ತಿತ್ತು. ಮಾಂಸ ಮುಟ್ಟದ ಮನೆಯವನಾದ ಮೌನೇಶ ಮುಖ ತಿರುಗಿಸಿ ಸುರಿಯುತ್ತಿದ್ದ. ಆಮೇಲೆ ಮೂರು ಸಲ ಕೈ ತೊಳೆದರೂ ಊಟ ಸೇರುತ್ತಿರಲಿಲ್ಲ.

ಅಮಾವಾಸ್ಯೆಯಂದು ಬಡಿಗರಾದ ಅವರಲ್ಲಿ ಉಪಕರಣ ಮುಟ್ಟುವುದಿಲ್ಲ, ಪೂಜೆ ಮಾಡಿ ಇಟ್ಟುಬಿಡುತ್ತಾರೆ. ಬ್ಯಾಟರಿಯೂ ಉಪಕರಣವೇ ಅಲ್ಲವೇ ಎಂದು ಮೌನೇಶ ಅವತ್ತು ಅದಕ್ಕೆ ಏನೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಮಿಸುಕಲಿಲ್ಲ.

"ಅಮಾಸಿ ನಮಗ, ಅದಕ್ಕೇನ್ರಿ?" ಎಂದಳು ಹೆಂಡತಿ ಕಾಳವ್ವ. "ಮೀನಿನ ಪ್ಯಾಟಿ ತೆರಿಯೂದು ಹನ್ನೊಂದಕ್ಕ. ಹತ್ತಕ್ಕ ನೀವು ಕೆಲಸಾ ಹಿಡದವರ ಹೊಸ ಮನಿ ಹೊಸ್ತಿಲ ಪೂಜಿ, ನೀವಿನ್ನೂ ಹೊಸ್ತಿಲಾನ ಕೂಡಿಸಿಲ್ಲ."

ಸತ್ತೇಹೋಯಿತೇನೋ ಎಂದು ಮೌನೇಶ ಮುದ್ದೆಗೆ ಹೆಬ್ಬೆರಳು ತಾಗಿಸಿದ. ಅದು ಬೆರಳನ್ನು ಕಚ್ಚಿ ಹಿಡಿದು, ಲೊಚಲೊಚನೆ ರಕ್ತ ಹೀರತೊಡಗಿತು. ಅವನು ಬೆರಳು ಎಳೆದುಕೊಳ್ಳಲು ನೋಡಿದ. ಅಷ್ಟರಲ್ಲಿ ಗಾಲಿ ಗಿರ್ರನೆ ತಿರುಗಿತು.

ಹೊಸ ಮನೆಯ ಯಜಮಾನ ಬೆರಳಿಗೆ ಸುತ್ತಿದ ಬಟ್ಟೆ ನೋಡಿ, "ಉಳಿ ತಾಗೇತೇನ್ರಿ?" ಎಂದು ಕೇಳಿದ. ಮೌನೇಶ ಹೂಂ ಎಂದ.

ಮರುದಿನ ಕಾಳವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೀನಿನ ಬಟ್ಟಲು ತಂದಿಟ್ಟಳು.

"ಹೊಲಸು, ಅತ್ತಾಗ ಒಯ್ಯಿ," ಎಂದು ಮೌನೇಶ ಮುಖ ಸಿಂಡರಿಸಿದ. ಆಮೇಲೆ ತೋರುಬೆರಳನ್ನು ಸ್ವಚ್ಛವಾಗಿ ತೊಳೆದುಕೊಂಡು, ಸೀಟು ಎತ್ತಿದ.