ಬಿಸಿನೀರು

ಕೊಳೆಗೇರಿಯ ಹೆಂಗಸರಿಗೆಂದು ಸಮುದಾಯ ಭವನದಲ್ಲಿ ನಡೆದ ಆರು ತಿಂಗಳ ಸೋಲಾರ್ ತರಬೇತಿ ಮುಗಿಸಿ ನಂಜಮಣಿ ಕೆಲಸಕ್ಕೆ ಸೇರಿದ್ದಳು. ಕಂಪನಿಯವರು ಕೊಟ್ಟ ಮೊದಲ ವಿಳಾಸ ನೋಡಿಯೇ ಅವಳಿಗೆ ಸುಸ್ತಾಯಿತು. ಹನ್ನೊಂದು ವರ್ಷ ಮುಸುರೆ ತಿಕ್ಕಿದ್ದ ಮನೆ ಅದು.

ಬಾಗಿಲು ತೆರೆದ ಮನೆಯೊಡತಿ, "ಅಂತೂ ಬಂದ್ಯಾ! ನೀನು ಬಿಟ್ಟಮೇಲೆ ಒಬ್ಬಳೂ ನಿಲ್ಲಲಿಲ್ಲ ಕಣೆ" ಎಂದಳು.

"ಸೋಲಾರ್ ರಿಪೇರಿಗೆ ಬಂದಿದ್ದೀನಿ ಅಮ್ಮಾವ್ರೆ. ಬಿಸಿನೀರು ಬರ್ತಿಲ್ಲ ಅಂತ ಫೋನ್ ಮಾಡಿದ್ರಂತಲ್ಲ."

ಮನೆಯೊಡತಿ ಅವಳ ನೀಲಿ ಅಂಗಿಯನ್ನೂ ಸ್ಪ್ಯಾನರ್ ಚೀಲವನ್ನೂ ನೋಡಿದಳು. "ನಿಂಗೆ ಬರುತ್ತಾ?"

"ಕಲ್ತಿದ್ದೀನಿ."

ಮೂರು ಮಹಡಿ ಹತ್ತುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಸುಡುವ ತಾರಸಿಯಲ್ಲಿ ಎರಡು ಗಂಟೆ ಕುಕ್ಕರಗಾಲಲ್ಲಿ ಕೂತು, ತುಕ್ಕು ಹಿಡಿದ ಪೈಪು ಬದಲಿಸಿ, ಒಳಗೆ ಕಟ್ಟಿಕೊಂಡು ನೀರು ತಡೆದಿದ್ದ ಗಾಳಿಯನ್ನು ಹೊರಬಿಟ್ಟಳು. ಇಳಿದು ಬಂದು ಅಡುಗೆಮನೆಯ ನಲ್ಲಿ ತಿರುಗಿಸಿದಾಗ ಹಬೆಯಾಡುವ ನೀರು ಸುರಿಯಿತು.

ಮನೆಯೊಡತಿ ಕೈಯೊಡ್ಡಿ ನೋಡಿದಳು. ಮುಖ ಅರಳಿತು. "ಪರವಾಗಿಲ್ವೇ, ಚೆನ್ನಾಗೇ ಕಲ್ತಿದ್ದೀಯ!"

ನಂಜಮಣಿ ಅವತ್ತು ಮೊದಲ ಸಲ ನಕ್ಕಳು. ಸಹಿ ಹಾಕಿಸಿಕೊಳ್ಳಲು ಚೀಲದಿಂದ ಕಾಗದ ತೆಗೆದಳು.

ಮನೆಯೊಡತಿ ಸಿಂಕಿನ ಮುಂದಿನಿಂದ ಸರಿದು ನಿಂತಳು. "ಬಿಸಿನೀರಿಗೆ ಜಿಡ್ಡು ಬೇಗ ಹೋಗುತ್ತೆ. ಬಾ, ಪಾತ್ರೆ ತೊಳೆದುಬಿಡು."