ಐದೇ ನಿಮಿಷಕ್ಕೆ ಮೇಲೆ

"ಮಹದೇವ ಅವರು ನೀರಿಗಿಳಿದ ಐದೇ ನಿಮಿಷಕ್ಕೆ ಮೇಲೆ ಹೋದ್ರು, ಮೇಡಂ" ಎಂದಿತು ಫೋನಿನ ದನಿ. "ನಾನು ಸ್ಕೂಬಾ ಬೋಟಿನ ಗೈಡು. ಅವರ ಜೊತೆ ಇಳಿದವನು ನಾನೇ. ಇನ್ನೊಂದು ಹತ್ತು ನಿಮಿಷ ಉಳಿಸಿಕೊಳ್ಳಲಿಕ್ಕೆ ಕೈ ಹಿಡಿದು ನೋಡಿದೆ. ಆಗ್ಲೇ ಇಲ್ಲ."

ಕಾವ್ಯಶ್ರೀ ಅರಿಶಿನ ಮೆತ್ತಿದ ಬೆರಳುಗಳಲ್ಲೇ ಫೋನು ಹಿಡಿದಿದ್ದಳು. ಹಂಗಳ ಊರಿನ ಮನೆಯ ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗಲು ಹರಡಿತ್ತು. ಎದುರಿಗೆ ಕೂತು ಕೊಂಬು ಆರಿಸುತ್ತಿದ್ದ ಅತ್ತೆ ಶಾಂತಮಲ್ಲಮ್ಮನಿಗೂ ಕೇಳಲಿ ಎಂದು ಈಗಷ್ಟೇ ಸ್ಪೀಕರ್ ಒತ್ತಿದ್ದಳು. ಸಮುದ್ರದೊಳಗೆ ಮುಳುಗಿ ಮೀನು ನೋಡಿ ಬರುತ್ತೇನೆಂದು ಒಬ್ಬನೇ ಮುರುಡೇಶ್ವರಕ್ಕೆ ಹೋದ ಗಂಡನ ಫೋನು ನಿನ್ನೆ ಮಧ್ಯಾಹ್ನದಿಂದ ಸ್ವಿಚ್ ಆಫ್.

ಶಾಂತಮಲ್ಲಮ್ಮ ಮೊರ ಕೆಳಗಿಟ್ಟು ಫೋನಿನ ಕಡೆಗೆ ಬಾಗಿದಳು.

"ಅಪ್ಪಾ, ನಮ್ಮವನ ಕೊಳ್ಳಲ್ಲಿ ಕರಡಿಗೆ ಇತ್ತಲ್ಲ, ಲಿಂಗದ್ದು. ಅದೆಲ್ಲಿ ಅದ?"

"ಬೆಳ್ಳಿ ಡಬ್ಬಿಯಾ ಅಮ್ಮಾ? ನಮ್ಮ ಆಫೀಸಿನಲ್ಲಿ ಜೋಪಾನವಾಗಿದೆ. ಅದನ್ನ ಇಲ್ಲೇ ಬಿಟ್ಟು ಹೋದ್ರು."

ಎಂಟನೇ ವರ್ಷದಲ್ಲಿ ಮಠದ ಸ್ವಾಮಿಗಳು ಮಗನಿಗೆ ಕಟ್ಟಿದ್ದು ಅದು. ಉಸಿರಿರುವ ತನಕ ಕೊರಳಿಂದ ಇಳಿಯಬಾರದ್ದು. ಶಾಂತಮಲ್ಲಮ್ಮ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡಳು. ಸೊಸೆ ತನ್ನ ಹಳದಿ ಅಂಗೈಯನ್ನೇ ನೋಡುತ್ತಿದ್ದಳು. ಕೇಳಬೇಕಾದ್ದನ್ನು ಇಬ್ಬರಲ್ಲಿ ಒಬ್ಬರು ಕೇಳಲೇಬೇಕಿತ್ತು.

"ಯಾವಾಗ ತಂದ್ಕೊಟ್ಟೀರಪ್ಪಾ?" ಎಂದಳು ಶಾಂತಮಲ್ಲಮ್ಮ.

"ತಂದುಕೊಡುವುದೆಲ್ಲ ನಮ್ಮಲ್ಲಿಲ್ಲ ಅಮ್ಮಾ. ಕೊರಿಯರ್ ಮಾಡ್ತೇವೆ. ಮೂರು ದಿನದಲ್ಲಿ ಬರ್ತದೆ. ಅಡ್ರೆಸ್ ಕೇಳಲಿಕ್ಕೇ ಫೋನ್ ಮಾಡಿದ್ದು."

"ಕೊರಿಯರಾ?" ಶಾಂತಮಲ್ಲಮ್ಮ ಎದ್ದು ನಿಂತಳು. "ನನ್ ಮಗನ್ನ ಕೊರಿಯರ್ ಮಾಡೀಯೇನ್ಲಾ?"



"ಮಗನನ್ನಲ್ಲ ಅಮ್ಮಾ. ಡಬ್ಬಿಯನ್ನ."

ಕಾವ್ಯಶ್ರೀ ಫೋನನ್ನು ಬಾಯಿಗೆ ಹತ್ತಿರ ತಂದಳು. "ಮತ್ತೆ ಅವ್ರು? ಅವ್ರೆಲ್ಲವ್ರೆ?"

"ನಿನ್ನೆ ರಾತ್ರಿಯೇ ಬಸ್ ಹತ್ತಿದ್ರಲ್ಲ ಮೇಡಂ! ಕಿವಿ ನೋವು ಅಂತ ಸನ್ನೆ ಮಾಡಿ ನೀರಿಂದ ಮೇಲೆ ಹೋದ್ರು. ಬೋಟಿನಲ್ಲಿ ಕೂತು ನಾಲ್ಕು ಬನ್ಸ್ ತಿಂದ್ರು. ಫೋನಿಗೆ ಉಪ್ಪುನೀರು ಹೋಗಿ ಕೆಟ್ಟಿದೆ. ಅದಕ್ಕೇ ಫಾರ್ಮಿನಲ್ಲಿದ್ದ ನಿಮ್ಮ ನಂಬರಿಗೆ..."

"ನಾಕು ತಿಂದ್ನಾ?" ಎಂದಳು ಶಾಂತಮಲ್ಲಮ್ಮ.

"ಎರಡು ಪಾರ್ಸಲ್ ಕೂಡ ಕಟ್ಟಿಸಿಕೊಂಡ್ರು."

ಶಾಂತಮಲ್ಲಮ್ಮ ಒಣಹಾಕಿದ ಅರಿಶಿನದ ಮೇಲೇ ಕುಸಿದು ಕೂತಳು. "ಅವನೇ ಕಣಮ್ಮಿ, ಅವನೇ" ಎಂದು ಸೊಸೆಯ ಮೊಣಕಾಲನ್ನು ಹಿಡಿದು ಅಲ್ಲಾಡಿಸಿದಳು. ಕಾವ್ಯಶ್ರೀ ನಗುತ್ತಿದ್ದಳೋ ಅಳುತ್ತಿದ್ದಳೋ, ಬಿಡುವಾಗಿದ್ದ ಕೈಯಲ್ಲಿ ಮುಖ ಮುಚ್ಚಿಕೊಂಡು ತೆಗೆಯುವಷ್ಟರಲ್ಲಿ ಕೆನ್ನೆಯೆಲ್ಲ ಹಳದಿಯಾಗಿತ್ತು.

"ನಿನ್ ಮನೆ ಎಕ್ಕುಟ್ಟೋಗ!" ಶಾಂತಮಲ್ಲಮ್ಮ ಫೋನನ್ನು ಕಿತ್ತುಕೊಂಡಳು. "ಮೇಲೆ ಬಂದ್ರು ಅನ್ನಕ್ಕೆ ಏನಾಗಿತ್ಲಾ ನಿಂಗೆ? ಮೇಲೆ ಓದ್ರು ಅಂದ್ಬುಟ್ಟಲ್ಲ, ಇಲ್ಲಿ ಇಬ್ರು ಎಂಗಸ್ರ ಜೀವ ಬಾಯಿಗೆ ಬಂದಿತ್ತು!"

"ತಪ್ಪಾಯ್ತು ಅಮ್ಮಾ." ಗೈಡು ನಿಜವಾಗಿಯೂ ಯೋಚಿಸಿದಂತಿತ್ತು. "ನಾನು ಕೆಳಗಿದ್ದೆನಲ್ಲ. ಕೆಳಗೆ ಉಳಿದವನಿಗೆ ಹೋದ ಹಾಗೇ ಕಾಣ್ತದೆ."

ಶಾಂತಮಲ್ಲಮ್ಮ ಲಿಂಗವನ್ನು ಕೊರಿಯರಿಗೆ ಹಾಕಬೇಡವೆಂದೂ, ಮರೆತು ಬಂದವನನ್ನೇ ತಿರುಗಿ ಅಟ್ಟುವೆನೆಂದೂ, ಅಲ್ಲಿಯ ತನಕ ಅದನ್ನು ನೆಲಕ್ಕೆ ತಾಗಿಸದೆ ಎತ್ತರದಲ್ಲಿ ಮಡಗಬೇಕೆಂದೂ ಹೇಳಿದಳು. ಗೈಡು ಎಲ್ಲದಕ್ಕೂ ಹೂಂಗುಟ್ಟಿದ.

"ಕೊನೇದೊಂದು ಅಮ್ಮಾ. ಎಲ್ಲ ಗಿರಾಕಿಗಳ ಮನೆಗೂ ಕೇಳ್ತೇವೆ. ನಮ್ಮ ಬೋಟಿನವರ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ?"

"ಸಂದೆಗೆ ಫೋನ್ ಮಾಡು" ಎಂದಳು ಶಾಂತಮಲ್ಲಮ್ಮ. "ಬಸ್ಸಿಳ್ದು ಬರ್ಲಿ. ಮುಟ್ನೋಡಿ ಎಷ್ಟು ಅಂತ ಏಳ್ತೀನಿ."