ಹನ್ನೊಂದೂವರೆ ಗಂಟೆಯ ದೂರ

ಕ್ಯಾನಿನ ಮುಚ್ಚಳ ತೆಗೆದು ಸೋಮಮ್ಮ ಹಾಲು ಸುರಿಯುತ್ತಿದ್ದಾಗ, ಹಿಂದೆ ನಿಂತಿದ್ದ ಸಿದ್ದಲಿಂಗಮ್ಮ ಕೇಳಿದಳು.

"ಸೋಮಕ್ಕ, ನಿನ್ ಮಗಳ ಅಮೆರಿಕದಲ್ಲಿ ಈಗ ಎಷ್ಟೊತ್ತು?"

"ಸಂಜೆ ಏಳು. ನಿನ್ನೆದು."

"ಅಯ್ಯೋ, ಇನ್ನೂ ನಿನ್ನೇಲೇ ಅವ್ಳಾ? ನಮ್ಮೆಮ್ಮೆನೂ ಅಂಗೇ ಕಣಕ್ಕ. ಇವತ್ತಿನ ಹಾಲು ಕೊಡಕ್ಕೆ ಇನ್ನೂ ಮನಸ್ಸೇ ಮಾಡಿಲ್ಲ."

ಡೈರಿ ಸಾಲಿನ ಹೆಂಗಸರು ನಕ್ಕರು. ಸೋಮಮ್ಮನೂ ತುಟಿ ಅಗಲಿಸಿದಳು. ನಗುವುದಕ್ಕೆ ಅಷ್ಟು ಸಾಕೆಂದು ಈ ಮೂರು ತಿಂಗಳಲ್ಲಿ ಅವಳಿಗೆ ತಿಳಿದಿತ್ತು. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆಂದು ಶ್ವೇತ ಮೊದಲೇ ಹೇಳಿದ್ದಳು. ಈಗ ಹನ್ನೊಂದೂವರೆ ಗಂಟೆ ಕಳೆಯಬೇಕು. ತಪ್ಪಬಾರದು.

"ಅಲ್ಲಕ್ಕ, ಒಂದು ಫೋಟೋನಾದ್ರೂ ಕಳ್ಸಕ್ಕೇಳು. ಆ ಬಿಳೀ ಹಿಮದಾಗೆ ನಿಂತ್ಕಂಡು."

"ಫೋನಿನ ಕ್ಯಾಮೆರಾ ಕೆಟ್ಟೋಗದಂತೆ."

"ಅಮೆರಿಕದಾಗೂ ಕೆಡ್ತದಾ? ಬುಡು ಮತ್ತೆ, ನಮ್ದೇ ವಾಸಿ."

ಡೈರಿಯ ಗೋಡೆಯ ಮೇಲೆ ಆ ಫ್ಲೆಕ್ಸು ಇನ್ನೂ ಇತ್ತು. ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ತೆರಳುತ್ತಿರುವ ಸಿಂಧಘಟ್ಟದ ಹೆಮ್ಮೆಯ ಪುತ್ರಿ. ಶ್ವೇತಳ ಚಿತ್ರ ಚಿಕ್ಕದು. ಕೈಮುಗಿದು ನಿಂತ ಅಪ್ಪ ಚಲುವರಾಜುವಿನದು ದೊಡ್ಡದು. ಕಾಲೇಜಿನ ಪ್ರವೇಶಪತ್ರ ಬಂದ ವಾರವೇ, ವೀಸಾ ಸಂದರ್ಶನಕ್ಕೂ ಮೊದಲೇ, ಅವನು ಕೆ.ಆರ್. ಪೇಟೆಯಲ್ಲಿ ಸನ್ಮಾನ ಏರ್ಪಡಿಸಿದ್ದ. ಪೇಟ, ಶಾಲು, ಹಣ್ಣಿನ ಬುಟ್ಟಿ, ಐದು ಭಾಷಣ. ಆಗಸ್ಟಿನಲ್ಲಿ ಮಗಳು ಕಾರು ಹತ್ತಿದಾಗ ಬೀದಿಯೇ ನಿಂತು ಕೈಬೀಸಿತ್ತು.

ಅರ್ಜಿಯ ಕೆಲಸವನ್ನೆಲ್ಲ ಶ್ವೇತ ಒಬ್ಬಳೇ ಮಾಡಿಕೊಂಡಿದ್ದಳು. ಅವಳಿಗೆ ಮಣ್ಣಿನ ಬಗ್ಗೆ ಓದಬೇಕಿತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಹಸುಗಳ ಬಾಲದ ಹೊಡೆತ ತಪ್ಪಿಸಿಕೊಳ್ಳುತ್ತ, ಫೋನಿನಲ್ಲೇ ಪ್ರಬಂಧ ಬರೆದು ಏಳು ಕಾಲೇಜುಗಳಿಗೆ ಕಳಿಸಿದ್ದಳು. ಒಂದು ಒಪ್ಪಿತ್ತು. ಆ ದಿನ ಅವಳು ಅಮ್ಮನನ್ನು ಎತ್ತಿಕೊಂಡು ತಿರುಗಿಸಿದ್ದಳು. ಆ ನಗುವಿನ ಸದ್ದು ಹೇಗಿತ್ತೆಂದು ಸೋಮಮ್ಮ ಈಚೆಗೆ ನೆನಪಿಸಿಕೊಳ್ಳಲು ನೋಡುತ್ತಾಳೆ. ಆಗುವುದಿಲ್ಲ.

ಮನೆಗೆ ಬಂದವಳೇ ಜಗಲಿಯಲ್ಲಿ ನಿಂತು ಫೋನು ಮಾಡಿದಳು. ಜಗಲಿಯಲ್ಲೇ ಮಾತಾಡಬೇಕು, ಬೀದಿಗೂ ಕೇಳಬೇಕು. ಅದು ಚಲುವರಾಜುವಿನ ಕಟ್ಟಪ್ಪಣೆ.

"ಉಂಡ್ಯಾ ಮಗ? ಚಳಿ ಜಾಸ್ತಿನಾ?"

"ಹೂಂ."

ಶ್ವೇತಳದು ಪಿಸುದನಿ. ಅಕ್ಕಪಕ್ಕದವರಿಗೆ ಕೇಳಿಸುವಂತಿಲ್ಲ.

"ರೂಮಿಗೆ ಜೊತೆಗೆ ಯಾರೂ ಬರ್ನಿಲ್ವಾ?"

"ಯಾರು ಬರ್ತಾರಮ್ಮ? ಒಬ್ಳೇ."

"ಒಸಿ ಬಿಸ್ಲಿಗೆ ಕೂತ್ಕೋ ಮತ್ತೆ."

"ಕಿಟಕಿ ತೆಗೆಯೋ ಹಂಗಿಲ್ವಲ್ಲ. ಬಚ್ಚಲಿಗೆ ಹೋಗ್ಬೇಕಾದ್ರೂ ಟೈಮ್ ನೋಡ್ಕೋಬೇಕು."

"ನಡ್ದಾಡ್ತಾ ಇದ್ದೀಯಾ?"

"ನಿನ್ನೆ ಇನ್ನೂರು ಸುತ್ತು. ಅಮ್ಮಾ, ನಂಗೆ ನನ್ ದನಿನೇ ಮರ್ತೋಗ್ತಾ ಇದೆ."

ಎದುರು ಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತರು.

"ಅಂಗಾ! ಬಾಳ ಸಂತೋಸ ಕಣವ್ವಾ!" ಎಂದು ಸೋಮಮ್ಮ ಗಟ್ಟಿಯಾಗಿ ಹೇಳಿ ಫೋನು ಇಟ್ಟಳು.

ಅವಳು ಆರು ರೊಟ್ಟಿ ತಟ್ಟಿದಳು. ಚಲುವರಾಜು ಮೂರು ತಿಂದ. ಅವಳು ಒಂದು.

"ಏನಂದ್ಲು?" ಅವನು ಕೇಳಿದ.

"ಒಗ್ತಾ ಇಲ್ಲ ಅವ್ಳಿಗೆ. ಮಾತೇ ಕಮ್ಮಿಯಾಗೋಗದೆ. ಕರ್ಕಬಂದ್ಬುಡಣ ಕಣ್ರೀ."

"ನಿಂಗೇನ್ ತಲೆಗಿಲೆ ಕೆಟ್ಟದಾ? ಮೂರೇ ತಿಂಗ್ಳಿಗೆ ಬಂದ್ಬುಟ್ಲು ಅಂದ್ರೆ ಆ ಸಿದ್ದಲಿಂಗಿ ಊರೆಲ್ಲ ತಮಟೆ ಹೊಡೀತಾಳೆ. ಡೈರಿ ಎಲೆಕ್ಸನ್ನು ಬೇರೆ ಮುಂದದೆ. ನಾನು ಯಾವ ಮುಖ ಇಟ್ಕಂಡು ಓಟ್ ಕೇಳ್ಲಿ?"

"ಮಗ ನೆಟ್ಟಗಿರ್ಬೇಕಲ್ಲ?"

"ಮೊದಮೊದ್ಲು ಎಲ್ರಿಗೂ ಅಂಗೇಯ. ಒಗ್ಗೋಯ್ತದೆ ಬುಡು. ಜನವರಿ ಒಂದ್ ಬರ್ಲಿ, ಎಲ್ಲ ಸರಿಯೋಯ್ತದೆ." ಅವನು ದನಿ ತಗ್ಗಿಸಿದ. "ಅವ್ಳೂ ಒಪ್ಕಂಡೇ ತಾನೇ ಇರದು? ನಾನೇನು ಸಾಯಿ ಅಂದ್ನಾ?"

ಕೈ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಅವನು ಬೈಕು ಹತ್ತಿ ಮತ ಕೇಳಲು ಹೋದ.

ಸೋಮಮ್ಮ ತಟ್ಟೆ ತೊಳೆದಳು. ಒಲೆಯ ಕಟ್ಟೆ ಒರೆಸಿದಳು. ತನ್ನೊಳಗೆ ಅಳುವೋ ಸಿಟ್ಟೋ ಏಳಬಹುದೆಂದು ಕಾದಳು. ಏನೂ ಏಳಲಿಲ್ಲ. ತಿಂಗಳುಗಳಿಂದ ಅಲ್ಲಿ ಏನೂ ಇರಲಿಲ್ಲ. ಆ ಬರಿದಿನಲ್ಲೇ, ಒರೆಸುವ ಬಟ್ಟೆಯನ್ನು ಹಿಂಡುತ್ತಿರುವಾಗಲೇ, ಅದು ತೀರ್ಮಾನವಾಯಿತು. ಮಗಳನ್ನು ಇವತ್ತೇ ಕರೆದುಕೊಂಡು ಬರುವುದು. ಗಂಡನಿಗೆ ಫೋನು ಮಾಡಲಿಲ್ಲ. ಯಾರಿಗೂ ಹೇಳಲಿಲ್ಲ. ಹತ್ತು ಗಂಟೆಯ ಪೇಟೆ ಬಸ್ಸಿಗೆ ಊರಿನ ಅರ್ಧ ಜನ ಸೇರಿರುತ್ತಾರೆ. ಆ ಬಸ್ಸೇ ಸರಿ.

ಬೇರೆ ಸೀರೆ ಉಟ್ಟು, ತಲೆ ಬಾಚಿಕೊಂಡು, ಒಳಮನೆಯ ಹನ್ನೆರಡು ಮೆಟ್ಟಿಲು ಹತ್ತಿ, ಮಹಡಿಯ ರಾಗಿ ಕೋಣೆಯ ಬೀಗ ತೆಗೆದಳು.

ಚೆನ್ನೈಯಲ್ಲಿ ವೀಸಾ ಸಿಗಲಿಲ್ಲವೆಂದು ಊರಿಗೆ ಹೇಳಲಾರದ ಅಪ್ಪ, ಜನವರಿಯ ಇನ್ನೊಂದು ಅರ್ಜಿಯ ತನಕ, ಕಾರಿನಲ್ಲಿ ಕಳಿಸಿದ ಮಗಳನ್ನು ರಾತ್ರೋರಾತ್ರಿ ವಾಪಸು ತಂದು ಬಚ್ಚಿಟ್ಟ ಕೋಣೆ ಅದು. ಮೂಟೆಗಳ ನಡುವೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ ಶ್ವೇತ ಗಕ್ಕನೆ ನಿಂತಳು. "ನಡಿ ಮಗ, ಎಲ್ರೂ ನೋಡ್ಲಿ, ಹತ್ತು ಗಂಟೆ ಬಸ್ಸಿಗೆ ಹೋಗಣ" ಎಂದಳು ಸೋಮಮ್ಮ, ದನಿ ತಗ್ಗಿಸದೆ.